ದೇವರ ದೀಪದ ಸುತ್ತ

ಅತ್ತೆಯ ಎಡಗಣ್ಣನ್ನು ಸಕ್ಕರೆ ಕಾಯಿಲೆ ಎಂದೋ ತಿಂದುಹಾಕಿತ್ತು. ಉಳಿದದ್ದು ಬಲಗಣ್ಣೊಂದೇ. ಅದಕ್ಕೂ ಪೊರೆ ಬಂದು, ಬೆಳಗಿನ ಪೂಜೆಯಲ್ಲಿ ಅಂಗೈ ಮೇಲಿನ ಇಷ್ಟಲಿಂಗ ಕಾಣದಾದಾಗಷ್ಟೇ ಅವರು ದೊಡವಾಡದಿಂದ ಧಾರವಾಡದ ಬಸ್ಸು ಹತ್ತಲು ಒಪ್ಪಿದರು. ನಾನು ಅದಕ್ಕೂ ಮೊದಲಿನಿಂದ ಬಡಿದುಕೊಳ್ಳುತ್ತಿದ್ದೆ. ಸೊಸೆಯ ಮಾತು ಯಾರು ಕೇಳಬೇಕು!

“ಪೊರಿ ತೆಗಿಯೋವಾಗನ ಕಣ್ಣೊಳಗ ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತೇವಿ,” ಎಂದರು ಡಾಕ್ಟರು. “ಸಕ್ಕರಿಯಿಂದ ಒಳಗಿನ ಪರದೆ ಬಾತೈತಿ, ಅದು ಇಳಿಬೇಕು. ಆದ್ರ ಈ ಔಷಧಕ್ಕ ಕೆಲವರಿಗೆ ಕಣ್ಣಿನ ಪ್ರೆಶರ್ ಏರತೈತಿ. ನೋವು ಆಗದನೂ ಏರಿ ಕಣ್ಣಿನ ನರ ಕೆಡಿಸಬಹುದು. ಕರೆದಾಗ ತಪ್ಪದ ಬರ್ರಿ. ಲೈಟಿನ ಸುತ್ತ ಬಣ್ಣದ ಉಂಗುರ ಕಂಡ್ರಂತೂ ಅವತ್ತ ಬರ್ರಿ.”

ಅತ್ತೆ ಗೋಣು ಹಾಕಿದರು. ಬರಬೇಕಾದ ದಿನಗಳನ್ನು ನಾನು ಚೀಟಿಯಲ್ಲಿ ಬರೆಸಿಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ಜೋಳದೊಳಗಿನ ಹರಳು ಆರಿಸಿದರು, ನನ್ನ ಬಿಳಿಕೂದಲು ಕಂಡು ಆಡಿಕೊಂಡರು. ಪ್ರೆಶರ್ ನೋಡಿಸುವ ದಿನ ನಾನು ಚೀಲ ಹಿಡಿದು ನಿಂತೆ.

“ಛಲೋ ಕಾಣಾಕತ್ತೈತಿ, ಮತ್ಯಾಕ ದವಾಖಾನಿ? ಬೇಕಾದ್ರ ನೀ ಹೋಗಿ ತೋರಿಸ್ಕೊಂಡ್ ಬಾ,” ಎಂದು ನಕ್ಕರು.

ಮುಂದಿನ ವಾರವೂ ಅದೇ ಮಾತು. ನನ್ನ ಗಂಡನೂ ತಾಯಿಯ ಕಡೆಗೇ. ಸಿಟ್ಟು ನೆತ್ತಿಗೇರಿತ್ತು. ದಿನಾ ಸಂಜೆ ಟ್ಯೂಬ್‌ಲೈಟ್ ಹಾಕಿ, “ಉಂಗುರ ಕಾಣತೈತೇನ್ರಿ ಅತ್ತಿ?” ಎಂದು ಕೇಳುತ್ತಿದ್ದೆ. “ಇಲ್ಲಬೇ, ತಲಿ ತಿನ್ನಬ್ಯಾಡ,” ಎನ್ನುತ್ತಿದ್ದರು.

ಒಂದು ನಸುಕಿನಲ್ಲಿ ಪೂಜೆಗೆ ಕುಳಿತವರ ಕೆನ್ನೆ ತೊಯ್ದಿತ್ತು. ಮುಖದಲ್ಲಿ ಮಾತ್ರ ನಗು.

“ಯಾರಿಗೂ ಹೇಳಬ್ಯಾಡ,” ಎಂದು ಪಿಸುಗುಟ್ಟಿದರು. “ದೀಪದ ಸುತ್ತ ಪ್ರಭಾವಳಿ ಮೂಡತೈತಿ. ಹಸರ, ಕೆಂಪ. ಶಿವ ಒಲದಾನ.”

ಅವರ ಪಕ್ಕದಲ್ಲೇ ಕುಕ್ಕರಿಸಿದೆ. “ಯಾವಾಗಿಂದ್ರಿ?”

“ಹುಣ್ಣಿಮಿಯಿಂದ.”

ಅಷ್ಟರಲ್ಲಿ ಅಮಾವಾಸ್ಯೆಯೂ ಕಳೆದಿತ್ತು. “ಡಾಕ್ಟರ್ ಹೇಳಿದ್ದು ನೆನಪಿಲ್ಲೇನ್ರಿ?” ಎಂದು ಚೀರಿದೆ.

“ಅವರು ಹೇಳಿದ್ದು ಲೈಟಿಂದು,” ಎಂದರು ಶಾಂತವಾಗಿ. “ಇದು ದೇವರ ದೀಪ.”

ಮೊದಲ ಬಸ್ಸಿಗೇ ಎಳೆದುಕೊಂಡು ಹೋದೆ. ಹನಿ ಹಾಕಿ, ಗುಳಿಗೆ ಕೊಟ್ಟು ಪ್ರೆಶರ್ ಇಳಿಸಿದರು. ಉಂಗುರಗಳು ಹೋದವು. “ಕಳೆದ ದೃಷ್ಟಿ ತಿರುಗಿ ಬರಂಗಿಲ್ಲ,” ಎಂದರು ಡಾಕ್ಟರು, ನನ್ನ ಮುಖ ನೋಡದೆ.

ಈಗಲೂ ಅಂಗೈಯ ಲಿಂಗ ಅತ್ತೆಗೆ ಸ್ಪಷ್ಟವಾಗಿ ಕಾಣುತ್ತದೆ. ನೇರ ಎದುರಿಗೆ ಇದ್ದದ್ದಷ್ಟೇ ಕಾಣುತ್ತದೆ. ನಸುಕಿನಲ್ಲಿ ನಾನು ಪತ್ರಿಯ ಬುಟ್ಟಿ ಹಿಡಿದು ಅವರ ಎಡಕ್ಕೆ ಕೂತಿರುತ್ತೇನೆ. ಅವರು ಅಡುಗೆಮನೆಯ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಕರೆಯುತ್ತಾರೆ: “ಎಲ್ಲಿ ಹೋದಿ ಯವ್ವಾ? ಪತ್ರಿ ತಗೊಂಡ್ ಬಾ.”