ಕಣದಲ್ಲಿ ಸುರಿದ ಕೊಡ ನೀರು

ಸೋಮವಾರ, ಬೆಳಗಿನ ಏಳು ಗಂಟೆ. ಊರ ಕಣದಲ್ಲಿ ಹಾಜರಿದ್ದವರು: ನೀರಿನ ಸಮಿತಿಯ ಅಧ್ಯಕ್ಷನಾದ ನಾನು, ಜೆಸಿಬಿ ಚಾಲಕ, ಕೊಡ ಹಿಡಿದ ಹೆಂಗಸರು ಮತ್ತು ನಕ್ಷೆಯ ಅಕ್ಕೋರು. ಅಕ್ಕೋರ ಪಾದಗಳು ಎಷ್ಟು ಊದಿದ್ದವೆಂದರೆ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ನಮ್ಮಲ್ಲಿ ಕಣದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಅವರು ಅಂಚಿನ ಕಲ್ಲಿನ ಮೇಲೆ ಕುಳಿತು, ಹಲ್ಲು ಕಚ್ಚಿ ಚಪ್ಪಲಿ ಬಿಡಿಸಿಕೊಂಡು, ಬರಿಗಾಲಲ್ಲಿ ಒಳಗೆ ಬಂದರು.

ರಾಣೆಬೆನ್ನೂರಿನವರು, ವಯಸ್ಸು ನಲವತ್ತರ ಒಳಗೆ. ಬ್ಯಾಡಗಿ ಸೀಮೆಯ ಊರುಗಳಲ್ಲಿ ಮಳೆನೀರು ನೆಲಕ್ಕಿಳಿಸುವ ಇಂಗುಗುಂಡಿಗೆ ಜಾಗ ಆರಿಸುವುದು ಅವರ ಕೆಲಸ. ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆರಡು ದಿನ, ಸೋಮವಾರ ಮತ್ತು ಶುಕ್ರವಾರ, ಹಾವೇರಿಯಲ್ಲಿ ಡಯಾಲಿಸಿಸ್. ನೀರನ್ನು ಅಳೆದು ಕುಡಿಯಬೇಕು. ಬಾಯಾರಿದರೆ ದವಡೆಯಲ್ಲಿ ಒಂದು ಲವಂಗ. ನಮ್ಮ ಮನೆಯಲ್ಲಿ ತಂಬಿಗೆ ನೀಡಿದರೆ, "ನನ್ನ ಪಾಲು ಮುಂಜಾನೇನ ಮುಗದೈತ್ರಿ ಮಾಸ್ತರ್ರ. ನೀವು ಕುಡೀರಿ, ನಾ ನೋಡ್ತೇನಿ" ಎಂದು ನಗುತ್ತಿದ್ದರು.

ಜೀವನವಿಡೀ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ನನಗೆ ಅವರ ಕೆಲಸದ ಕ್ರಮ ಹಿಡಿಸಿತ್ತು. ಮಣ್ಣು, ಇಳಿಜಾರು, ಹಳ್ಳ, ಬಂಡೆಯ ಬಿರುಕು: ಒಂದೊಂದಕ್ಕೂ ಒಂದು ನಕ್ಷೆ. ಲ್ಯಾಪ್‌ಟಾಪಿನಲ್ಲಿ ಅವನ್ನು ಒಂದರ ಮೇಲೊಂದು ಇಟ್ಟಾಗ ನೀರು ಇಂಗುವ ಜಾಗ ಹಸಿರಾಗಿ ಕಾಣುತ್ತಿತ್ತು. ಆಮೇಲೆ, "ಉಪಗ್ರಹ ಮ್ಯಾಲಿಂದ ನೋಡೈತಿ. ನಾವು ಕಾಲೀಲೆ ನೋಡೂಣ ನಡೀರಿ" ಎಂದು ಏಳುತ್ತಿದ್ದರು.

ಊರವರೆಲ್ಲ ಗುಂಡಿ ಕೆರೆಯಲ್ಲೇ ಆಗಲಿ ಎಂದಿದ್ದರು, ನಾನೂ ಸೇರಿ. ನೀರು ನಿಲ್ಲುವುದು ಅಲ್ಲಿಯೇ ತಾನೇ? ಅವರು ಒಪ್ಪಲಿಲ್ಲ. "ಕೆಳಗ ಇಂಗೂದಿಲ್ಲ, ಅದಕ್ಕ ನಿಂದರತೈತ್ರಿ." ಹಸಿರು ಬಿದ್ದಿದ್ದು ಜೋಳ ಒಕ್ಕುವ, ಮೆಣಸಿನಕಾಯಿ ಒಣಗಿಸುವ ಕಣದ ಮೇಲೆ. ಕುಡಿಯುವ ನೀರಿನ ನಮ್ಮ ಒಂದೇ ಬೋರ್‌ವೆಲ್ಲಿಗೆ ಹೋಗುವ ಬಿರುಕು ಅದರ ಕೆಳಗೇ ಹಾದಿತ್ತು. ಆ ಬೋರ್‌ವೆಲ್ ಆಗಲೇ ನೀರಿಗಿಂತ ಹೆಚ್ಚು ಗಾಳಿ ಉಗುಳುತ್ತಿತ್ತು. ಜೆಸಿಬಿ ಸಿಕ್ಕಿದ್ದು ಆ ಸೋಮವಾರ ಒಂದೇ ದಿನಕ್ಕೆ.

"ಇವತ್ತ ಸೋಮವಾರ. ಆಸ್ಪತ್ರಿಗೆ ಹೋಗಲಿಲ್ಲೇನ್ರಿ?" ಎಂದೆ.

"ಶುಕ್ರವಾರಾನೂ ಆಗಲಿಲ್ರಿ. ಕರ್ಜಗಿ ಕಡೆ ಗುರುತು ಹಾಕೂದಿತ್ತು. ಮಳಿ ಹೋದ ಮ್ಯಾಲ ಗುಂಡಿ ತೋಡಿ ಏನ್ಮಾಡೂದು?"

ಹಾವೇರಿಗೆ ಹೋಗಲು ಕಾರು ಕರೆಸಿದೆ. ಅಕ್ಕೋರು ಗುರುತು ಹಾಕದೆ ಹತ್ತುವುದಿಲ್ಲವೆಂದರು. ಅಷ್ಟರಲ್ಲಿ ಕಣದ ಪಕ್ಕದ ಮನೆಯ ಅಜ್ಜಿ ಅಡ್ಡ ನಿಂತಳು. ಕಣದ ವಿಷಯದಲ್ಲಿ ಅವಳ ಮಾತು ಯಾರೂ ಮೀರುವುದಿಲ್ಲ.

"ಕಣಾ ಅಗದು ನನ್ನ ಮೆಣಸಿನಕಾಯಿ ನಿನ್ನ ತಲಿ ಮ್ಯಾಲ ಒಣಗಸ್ಲೇನವಾ?"

ಅಕ್ಕೋರು ಮೊಳದಾಳದ ಕುಳಿ ತೋಡಿಸಿ, ಒಂದು ಕೊಡ ನೀರು ಕೇಳಿದರು. ಹೆಂಗಸರು ಕೊಡಗಳನ್ನು ಸೊಂಟಕ್ಕೆ ಒತ್ತಿಕೊಂಡರು.

"ಕುಡಿಯಾಕಿಲ್ಲದ ನೀರು ಮಣ್ಣಿಗೆ ಸುರೀಬೇಕ? ತಲಿ ನೆಟ್ಟಗೈತಿಲ್ಲೋ?" ಎಂದಳು ಅಜ್ಜಿ.

"ನನ್ನ ಪಾಲಿಂದು ಅಂತ ಸುರೀರಿ ಆಯಿ. ನಾ ಹೆಂಗೂ ಕುಡಿಯಾಂಗಿಲ್ಲ."

ಅಜ್ಜಿ ಅವರ ಒಡೆದ ತುಟಿ ನೋಡಿದಳು. ಪಾದ ನೋಡಿದಳು. ಸೊಸೆಯ ಕೊಡ ಕಸಿದುಕೊಂಡು ತಾನೇ ಸುರಿದಳು. ನೀರು ಕುಳಿಯಲ್ಲಿ ಒಂದು ಸುತ್ತು ತಿರುಗಿ ಇಳಿದುಹೋಯಿತು. ಅಜ್ಜಿ ಬಗ್ಗಿ ಕುಳಿಯ ತಳ ಮುಟ್ಟಿ ನೋಡಿದಳು.

"ಅದಕ್ಕ ಹಿರ್ಯಾರು ಕಣಾ ಇಲ್ಲಿ ಮಾಡ್ಯಾರ," ಎಂದಳು ಅಜ್ಜಿ ಕೊನೆಗೆ. "ಮಳಿಯಾದ್ರೂ ಮರುದಿನ ಒಣಗಿರತೈತಿ. ಅರ್ಧ ಕಣಾ ತಗೋ. ಗೇಣು ಹೆಚ್ಚಾತೋ, ಕೈ ಹಿಡದು ನಿಲ್ಲಸ್ತೇನಿ."

ಅಕ್ಕೋರು ಸುಣ್ಣದಿಂದ ಗೆರೆ ಎಳೆದರು. ಏದುಸಿರಿನ ನಡುವೆಯೇ ನನಗೆ ಹೇಳಿದರು: ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಮರಳು, ಅದಲು ಬದಲಾದರೆ ಕೆಸರು ಕಟ್ಟುತ್ತದೆ. ಅವರನ್ನು ಕಾರು ಹತ್ತಿಸಲು ಇಬ್ಬರು ಬೇಕಾದರು.

ಮಧ್ಯಾಹ್ನ, ನಾವು ಜಲ್ಲಿ ತುಂಬುತ್ತಿದ್ದಾಗ, ಕಾರಿನವನ ಫೋನ್ ಬಂತು. "ಅಕ್ಕೋರು ಹೋದ್ರ್ರೀ ಮಾಸ್ತರ್ರ. ಮಷೀನಿಗೆ ಹಚ್ಚೂದ್ರಾಗ ಉಸಿರು ನಿಂತೈತಿ."

ಚಾಲಕ ಜೆಸಿಬಿ ನಿಲ್ಲಿಸಿದ. ಹೆಂಗಸರು ಇದ್ದಲ್ಲಿಯೇ ಕುಕ್ಕರಿಸಿದರು. ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತಿತ್ತು. ಏನು ಆಜ್ಞೆ ಕೊಡಬೇಕೆಂದು ಜೀವನದಲ್ಲಿ ಮೊದಲ ಸಲ ನನಗೆ ತಿಳಿಯಲಿಲ್ಲ.

ಅಜ್ಜಿಯೇ ಎದ್ದಳು. "ಕುಂತ್ರ ಮಳಿ ಕಾಯತೈತೇನು? ಜಲ್ಲಿ ಹಾಕ್ರಿ."

ಸಂಜೆ ಆರಕ್ಕೆ ಮರಳು ಹರವಿ ಮುಗಿಯಿತು. ಮಳೆ ಬರಲಿಲ್ಲ, ಮೋಡ ಹಾಗೆಯೇ ಮುಂದೆ ಸಾಗಿತು. ಸಲಿಕೆ ತೊಳೆಯಲು ನೀರಿರಲಿಲ್ಲ. ಒಂದೊಂದನ್ನೂ ಒಣ ಮಣ್ಣಿನಲ್ಲಿ ಉಜ್ಜಿ, ಅಜ್ಜಿಯ ಮನೆಯ ಗೋಡೆಗೆ ಸಾಲಾಗಿ ಒರಗಿಸಿದೆ.