ಒಂದು ದೀಪ, ಎರಡು ಅರ್ಜಿ

ಮನುಷ್ಯನ ಮುಖವನ್ನು ನಿಜವಾಗಿ ಕಾಣಬೇಕಾದರೆ ಬೆಳಕು ಬೇಕು, ತಾಳ್ಮೆ ಬೇಕು, ಅಂತಃಕರಣ ಬೇಕು. ಮದುವೆ ಮಂಟಪದಲ್ಲಾದರೆ ಹದಿನೈದು ಆಂಪಿಯರಿನ ಪ್ಲಗ್ಗೊಂದಿದ್ದರೆ ಸಾಕು.

ಹೋದ ತಿಂಗಳು ಬಂಗಾರಪೇಟೆಯ ಮದುವೆಯೊಂದರಲ್ಲಿ ಯಾರೋ ಹಳೇ ಹ್ಯಾಲೊಜೆನ್ ದೀಪ ಹಚ್ಚಿದರು. ಗಾಜಿನ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳು ಸುಟ್ಟ ವಾಸನೆ ಊಟದ ಪಂಕ್ತಿಯವರೆಗೂ ಬಂತು. ಪಕ್ಕದ ಎಲೆಯವರು ಪಲ್ಯ ಸೀದಿದೆ ಎಂದು ಅಡುಗೆಯವರನ್ನು ಬೈದರು. ನಾನು ಎಲೆ ಮಡಚಿ ಎದ್ದೆ. ನನಗೆ ಲೈಟ್ ಮೇಷ್ಟ್ರು ನೆನಪಾಗಿದ್ದರು...

ಕೋಲಾರ ಚಿನ್ನದ ಗಣಿಯ ಆಂಡರ್ಸನ್‌ಪೇಟೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ಇಪ್ಪತ್ತು ವರ್ಷ ಗಣಿಯೊಳಗೆ ಎಲೆಕ್ಟ್ರಿಷಿಯನ್ ಆಗಿದ್ದವರು, ಎದೆ ಕೆಟ್ಟು ಮೇಲೆ ಬಂದು, ಮದುವೆಗಳ ವಿಡಿಯೋ ಹಿಡಿಯುತ್ತಿದ್ದರು. ನಾನು ಕಾಮಸಮುದ್ರದ ಕಡೆಯವನು, ಬಿ.ಎ. ಮುಗಿಸಿ, ಆ ಪದವಿಯಿಂದ ಲೋಕಕ್ಕೆ ಯಾವ ತೊಂದರೆಯೂ ಆಗದಂತೆ ಮೂರು ವರ್ಷ ಮನೆಯಲ್ಲಿ ಕೂತಿದ್ದವನು. ಎಂಬತ್ತರ ದಶಕದ ಕೊನೆಗೆ ಅವರ ಶಿಷ್ಯನಾದೆ.

ಮೊದಲ ದಿನ ಕ್ಯಾಮೆರಾ ಮುಟ್ಟಿಸಲಿಲ್ಲ. ಗಣಿಯ ಟೋಪಿಯೊಂದನ್ನು ನನ್ನ ತಲೆಗೆ ಹಾಕಿ, ಹಣೆಯ ದೀಪ ಹೊತ್ತಿಸಿ, ಅಂಗಡಿಯ ಬಾಗಿಲು ಮುಚ್ಚಿದರು.

"ನನ್ ಮುಖ ನೋಡ್ಲಾ. ಎಲ್ಲಾನಾ ನೆಳ್ಳೈತಾ?"

"ಇಲ್ಲ ಮೇಷ್ಟ್ರೇ."

"ಇಷ್ಟೇ ಕಣ್ಲಾ ಇದ್ಯೆ. ನೀನ್ ಎಲ್ಲಿಂದ ನೋಡ್ತೀಯೋ ಬೆಳಕೂ ಅಲ್ಲಿಂದ್ಲೇ ಬರ್ಬೇಕು. ಗಣಿ ಒಳಗೆ ನೆಳ್ಳಿರೋ ಕಡೆ ಬಂಡೆ ಬಿರುಕು ಬಿಟ್ಟಿರೋದು ಕಾಣ್ಸಲ್ಲ. ಕಾಣ್ಲಿಲ್ಲ ಅಂದ್ರೆ ಮುಗೀತು, ಮನೆಗೆ ಸುದ್ದಿ ಓಗ್ತದೆ."

ಭೂಮಿಯೊಳಗಿನ ಆ ಪಾಠವನ್ನು ಅವರು ಹಾಗೇ ಮದುವೆ ಮಂಟಪಕ್ಕೆ ಹತ್ತಿಸಿದ್ದರು. ದೀಪವನ್ನು ಕ್ಯಾಮೆರಾದ ನೆತ್ತಿಗೆ ಕಟ್ಟಿ ನೇರ ಮುಖಕ್ಕೆ ಹೊಡೆಯುವರು. ನಮ್ಮ ಕ್ಯಾಸೆಟ್ಟುಗಳಲ್ಲಿ ವಧುಗಳಿಗೆ ಮೂಗೇ ಇರಲಿಲ್ಲ. ಮೂಗುತಿ ಮಾತ್ರ ಗಾಳಿಯಲ್ಲಿ ನಿಂತಿರುತ್ತಿತ್ತು. ಬೀಗರಿಂದ ತಕರಾರೇನೂ ಬರಲಿಲ್ಲ. ಹುಡುಗಿ ಬೆಳ್ಳಗೆ ಕಂಡರಾಯಿತು.

ವರ್ಷದ ಮೇಲೆ ಬೆಂಗಳೂರಿನ ಫುಟ್‌ಪಾತಿನಲ್ಲಿ ನನಗೊಂದು ಹಳೇ ಪುಸ್ತಕ ಸಿಕ್ಕಿತು. ದೀಪ ಪಕ್ಕದಲ್ಲಿರಬೇಕು, ನೆರಳು ಬೀಳದೆ ಮುಖಕ್ಕೆ ಆಕಾರ ಬರುವುದಿಲ್ಲ ಎಂದು ಮೊದಲ ಪಾಠದಲ್ಲೇ ಇತ್ತು. ಮೇಷ್ಟ್ರಿಗೆ ತೋರಿಸಲಿಲ್ಲ. ಗುರುಗಳನ್ನು ತಿದ್ದುವುದು ಶಿಷ್ಯಧರ್ಮವಲ್ಲ ಎಂದು ನನಗೆ ನಾನೇ ಗಂಭೀರವಾಗಿ ಉಪದೇಶ ಮಾಡಿಕೊಂಡೆ. ಪತ್ರಿಕೆಯಲ್ಲೊಂದು ಜಾಹೀರಾತು ಬಂದ ಮೇಲೆ, ತೋರಿಸದಿರಲು ಬೇರೆ ಕಾರಣ ಹುಟ್ಟಿತು...

ಬೆಂಗಳೂರಿನ ಒಂದು ಟಿ.ವಿ. ಸ್ಟುಡಿಯೋಗೆ ಲೈಟಿಂಗ್ ಸಹಾಯಕ ಬೇಕಾಗಿದ್ದ. ಹುದ್ದೆ ಒಂದು. ವಯಸ್ಸು ನಲವತ್ತೈದು ಮೀರಿರಬಾರದು. ಮೇಷ್ಟ್ರಿಗೆ ಅದು ಮೀರಲು ಎರಡು ತಿಂಗಳಿತ್ತು. ಕೋರಮಂಡಲ್ ಬಡಾವಣೆಯಲ್ಲಿ ಗಣಿ ಕಂಪನಿ ಕೊಟ್ಟಿದ್ದ ಮನೆ ಖಾಲಿ ಮಾಡಲು ಒಂದೇ ತಿಂಗಳು. ನಮ್ಮ ಪೇಟೆಗೆ ಹೊಸ ವಿಡಿಯೋ ಸ್ಟುಡಿಯೋ ಬಂದು ಮದುವೆಗಳೂ ಕೈಬಿಟ್ಟಿದ್ದವು. ಅವರ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಸಹಿ ಹಾಕಿದವರು, "ನೀನೂ ಒಂದ್ ಆಕ್ಲಾ. ಇಬ್ರಲ್ಲಿ ಒಬ್ರಿಗಾದ್ರೂ ಆಗ್ಲಿ," ಎಂದರು.

ಒಳಗಿನಿಂದ ಅವರ ಹೆಂಡತಿ ಅಂದರು: "ಅವ್ನಿಗಿನ್ನೂ ವಯಸ್ಸೈತೆ. ನಿಮಗ್ ಆಗ್ದಿದ್ರೆ ನಾವೆಲ್ಲಿಗೆ ಓಗಾದು?"

ನಾನು ತಲೆ ತಗ್ಗಿಸಿಕೊಂಡು ನನ್ನ ಅರ್ಜಿಯನ್ನೂ ಬರೆದೆ. ಅಕ್ಷರ ಚೆನ್ನಾಗಿ ಬಂತು.

ಪರೀಕ್ಷೆಯ ದಿನ ಒಂದು ಕುರ್ಚಿಯಲ್ಲಿ ಸ್ಟುಡಿಯೋದ ಕಸ ಗುಡಿಸುವ ಅಮ್ಮನನ್ನು ಕೂರಿಸಿ, "ಸಂಜೆ ಹೊತ್ತು, ಕಿಟಕಿ ಪಕ್ಕ ಕೂತಿದ್ದಾರೆ. ಒಂದೇ ದೀಪ. ಮಾಡಿ ತೋರ್ಸಿ," ಎಂದರು ಪರೀಕ್ಷಕರು. ಮೊದಲು ಮೇಷ್ಟ್ರ ಸರದಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ದೀಪವನ್ನು ಅವರು ಎಂದಿನಂತೆ, ದೇವರಿಗೆ ಕಿರೀಟ ಇಡುವ ಭಕ್ತಿಯಿಂದ, ಕ್ಯಾಮೆರಾದ ನೆತ್ತಿಗೇರಿಸಿದರು.

ಪರೀಕ್ಷಕರು ತೆರೆ ನೋಡಿ ನಕ್ಕರು. "ರೇಷನ್ ಕಾರ್ಡಿನ ಫೋಟೋ ಇದ್ದಂಗಿದೆಯಲ್ರೀ!"

"ಎಲ್ಲಾ ಕಾಣ್ತಾ ಐತಲ್ಲ ಸಾರ್," ಎಂದರು ಮೇಷ್ಟ್ರು.

ಹೊರಗೆ ಬಂದವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ತೋಳು ಹಿಡಿದು, "ಎದರ್ಬೇಡ. ದೀಪ ನೆತ್ತಿ ಮೇಲಿಡೋದ್ ಮರೀಬೇಡ ಕಣ್ಲಾ," ಎಂದರು. ನಾನು ಆಗಲಿ ಎಂದೆ.

ಒಳಗೆ ಹೋಗಿ ದೀಪವನ್ನು ಬಿಚ್ಚಿ, ಆ ಅಮ್ಮನ ಬಲಪಕ್ಕಕ್ಕೆ ತಂದು ನಿಲ್ಲಿಸಿದೆ. ಅರ್ಧ ಮುಖ ಕತ್ತಲಾಯಿತು. ಪರೀಕ್ಷಕರು ಬಹಳ ಹೊತ್ತು ತೆರೆ ನೋಡಿ, "ಯಾರ ಹತ್ರ ಕಲ್ತ್ರಿ?" ಎಂದರು.

"ಯಾರ ಹತ್ರಾನೂ ಇಲ್ಲ ಸಾರ್. ನಾನೇ ಕಲ್ತೆ."

ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಅಲ್ಲೇ ನಿಂತಿದ್ದರು.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಕೋಲಾರ ಚಿನ್ನದ ಗಣಿಯ ಗಾಡಿಗೆ ಕಾದೆವು. ಮೇಷ್ಟ್ರು ಕಡಲೆಕಾಯಿ ತಂದು ಅರ್ಧ ನನ್ನ ಕೈಗೆ ಹಾಕಿದರು. ಸಿಪ್ಪೆ ಬಿಡಿಸುತ್ತಾ ಅಂದರು:

"ಆ ಯಮ್ಮನ ಒಂದ್ ಕಣ್ಣು ಕತ್ಲಲ್ಲಿತ್ತಲ್ಲ... ಅಲ್ಲೇನೈತೋ ಅಂತ ಬಗ್ಗಿ ನೋಡೋ ಅಂಗಾಯ್ತು ಕಣ್ಲಾ. ಚೆನ್ನಾಗಿತ್ತು." ಆಮೇಲೆ ಕೇಳಿದರು: "ನಿಂಗ್ ಮೊದ್ಲೇ ಗೊತ್ತಿತ್ತಾ?"

"ಇಲ್ಲ ಮೇಷ್ಟ್ರೇ. ಅಲ್ಲೇ ಹೊಳೀತು."

"ಗೊತ್ತಿದ್ರೆ ನೀನ್ ಯೋಳಿರ್ತಿದ್ದೆ ಬಿಡು," ಎಂದರು. ಗಾಡಿ ಬಂತು. ಜನ ನುಗ್ಗಿದರು. ನಾವಿಬ್ಬರೂ ಬೇರೆ ಬೇರೆ ಬೋಗಿ ಹತ್ತಿದ್ದೆವು. ಅದು ನುಗ್ಗಾಟದಿಂದ ಆದದ್ದೆಂದು ನಾನು ಬಹಳ ವರ್ಷ ನಂಬಿದ್ದೆ.

ತಿಂಗಳೊಳಗೆ ಅವರು ಮನೆ ಬಿಟ್ಟು, ಹೆಂಡತಿಯ ತವರಿನ ಕಡೆ, ಆಂಧ್ರಕ್ಕೆ ಹೋದರು. ಯಾವ ಊರೆಂದು ನಾನು ಕೇಳಲಿಲ್ಲ... ಕೇಳಿದ್ದರೆ ಹೋಗಿ ಎದುರು ನಿಲ್ಲಬೇಕಾಗುತ್ತಿತ್ತು. ಹೋದ ತಿಂಗಳು ಆ ಮದುವೆ ಮುಗಿಸಿ ಆಂಡರ್ಸನ್‌ಪೇಟೆಗೆ ಹೋಗಿ ವಿಚಾರಿಸಿದೆ. ಅಂಗಡಿಯಿದ್ದ ಕಡೆ ಈಗ ಮೊಬೈಲ್ ರಿಪೇರಿ. ಪಕ್ಕದ ಟೈಲರ್ ಮುದುಕ ಸೂಜಿಯಿಂದ ಕಣ್ಣೆತ್ತದೆ ಹೇಳಿದ: "ಅವ್ರಾ? ತೀರೋಗಿ ಇಪ್ಪತ್ ವರ್ಸ ಆಯ್ತಲ್ಲ ಸಾಮಿ. ಎದೆ ಕಾಯ್ಲೆ. ನೀವ್ ಯಾರು, ಸಂಬಂಧನಾ?"

ಅಲ್ಲ ಎಂದೆ.

ಆ ಹುದ್ದೆಯಲ್ಲಿ ನಾನು ಇಪ್ಪತ್ತಾರು ವರ್ಷ ಇದ್ದೆ.