ಮೂರು ವರ್ಷದ ಅಕ್ಕ

ರೊಟ್ಟಿ ಬಡಿದು ಬಡಿದು ಅವರ ಅಂಗೈ ಗೆರೆಗಳೇ ಅಳಿಸಿಹೋಗಿದ್ದವು. ಹಿರೇಕೆರೂರಿನಲ್ಲಿ ನಾನು ಕಾಲೇಜು ಓದುವಾಗ ನಮ್ಮ ಹಾಸ್ಟೆಲ್ಲಿನ ಅಡುಗೆಯವರು ಅವರು, ನಮಗೆಲ್ಲ ಅಕ್ಕ. ಐವತ್ತು ದಾಟಿದ ಮೇಲೆ ಚರ್ಚಿಗೆ ಸೇರಿ ದೀಕ್ಷಾಸ್ನಾನ ಪಡೆದಿದ್ದರು. ತಾವು ಹೊಸದಾಗಿ ಹುಟ್ಟಿದ್ದೇ ಅಂದು ಎಂದು, ವಯಸ್ಸು ಕೇಳಿದರೆ "ಮೂರು ವರ್ಷ" ಎನ್ನುತ್ತಿದ್ದರು.

ಬಾಯಿ ಮಾತ್ರ ಜೋರು. ತಟ್ಟೆಯಲ್ಲಿ ಅನ್ನ ಬಿಟ್ಟವಳ ಮನೆತನವನ್ನೇ ಎಳೆದು ಬೈಯುವರು.

"ಹೊಸದಾಗಿ ಹುಟ್ಟೇನಿ ಅಂತೀರಿ, ಬಾಯಿ ಹಳೇದ ಐತಲ್ರಿ ಅಕ್ಕಾ?" ಎಂದು ಹುಡುಗಿಯರು ಕೆಣಕುತ್ತಿದ್ದರು.

"ಹುಟ್ಟಿದ ದಿನಾನ ಯಾವ ಕೂಸು ನಡದೈತೇ ಹುಡುಗೀ? ಬೀಳತೇನಿ, ಏಳತೇನಿ. ನೀ ರೊಟ್ಟಿ ತಿನ್ನು."

ನಮ್ಮ ಮನೆಯಲ್ಲಿ ಮರುಜನ್ಮವೆಂದರೆ ಸತ್ತ ನಂತರದ ಮಾತು. ಬದುಕಿರುವಾಗಲೇ ಮತ್ತೆ ಹುಟ್ಟುವುದು ಹೇಗೆಂದು ಒಮ್ಮೆ ಕೇಳಿದೆ. ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಿ, ಹಂಸಭಾವಿಯಲ್ಲಿದ್ದ ತಮ್ಮ ನೆಗೆಣ್ಣಿಯ ಸಂಗತಿ ಹೇಳಿದರು. ಆಕೆ ಗಂಡನ ತಮ್ಮನ ಹೆಂಡತಿ. ಬಸುರಿಯಾಗಿದ್ದಾಗ ಯಾವುದೋ ಜಗಳದಲ್ಲಿ ಅಕ್ಕ ಆಕೆಗೆ, "ನಿನ್ನ ತೊಟ್ಲಾ ಬರೇದ ಉಳೀಲಿ" ಎಂದು ಶಪಿಸಿದ್ದರು. ಕೂಸು ಹೊಟ್ಟೆಯಲ್ಲೇ ಸತ್ತಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ನನ್ನ ಮಾತಿಗೆ ಸತ್ತಿಲ್ಲ, ಗೊತ್ತೈತಿ. ಆದ್ರ ಆ ಮಾತು ಆಡಿದಾಕಿ ನಾನ. ಹೋಗಿ ಮಾಫಿ ಕೇಳ್ಬೇಕು. ಅಂಜಿಕಿ ಬರ್ತೈತಿ, ನೀ ಸಂಗಡ ಬರ್ತೀಯೇನು?"

ಹೋದೆವು. ನೆಗೆಣ್ಣಿ ಹೊಸ್ತಿಲಲ್ಲೇ ನಿಂತು ಅಕ್ಕ ಮಾಫಿ ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ನೀ ಎರಡನೇ ಸಲ ಹುಟ್ಟೀದಿ ಅಂತ ಮಂದಿ ಹೇಳ್ತಾರ, ಅಕ್ಕಾ. ನನ್ನ ಕೂಸಿಗೆ ಒಂದ ಸಲಾನೂ ಹುಟ್ಟಾಕ ಆಗಲಿಲ್ಲ."

ದೇವರು ತಮ್ಮನ್ನು ಕ್ಷಮಿಸಿದ್ದಾನೆ ಎಂದು ಅಕ್ಕ ಹೇಳಲಿಲ್ಲ. ಬಾಗಿಲು ಮುಚ್ಚಿತು.

ಬಸ್ಸಿನಲ್ಲಿ ನಾನು, ಇನ್ನು ಬಿಟ್ಟುಬಿಡಿ ಎಂದೆ.

"ಹಳೇ ನಾನಾಗಿದ್ರ ಬಾಗಲಾ ಒದ್ದು ಬರ್ತಿದ್ದೆ," ಎಂದರು. "ಮುಂದಿನ ತಿಂಗಳು ಮತ್ತ ಹೋಗ್ತೇನಿ."

ಹಾಗೆಯೇ ತಿಂಗಳು ತಿಂಗಳೂ ಹೋದರು. ತಮ್ಮ ವಯಸ್ಸಿನ ತಮಾಷೆಯನ್ನು ಮಾತ್ರ ಆಮೇಲೆ ನಮ್ಮ ಮುಂದೆ ಮಾಡಲಿಲ್ಲ. ಹೊಸ ಹುಟ್ಟೆಂದರೆ ಹಳೆಯದೆಲ್ಲ ತೊಳೆದುಹೋಗುವುದು ಎಂದುಕೊಂಡಿದ್ದೆ. ಹಳೆಯದರ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯವೂ ಹೌದೆಂದು ನನಗೆ ತೋರಿಸಿದವರು ಅಕ್ಕ.

ಕಳೆದ ವರ್ಷ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ನೆಗೆಣ್ಣಿ ಬಂದು ದೂರದಲ್ಲಿ ನಿಂತಿದ್ದರು. ಜನ ಚದುರಿದ ಮೇಲೆ ನನ್ನ ಗುರುತು ಹಿಡಿದು ಹತ್ತಿರ ಬಂದರು. ನಾನು ಏನೂ ಕೇಳಿರಲಿಲ್ಲ.

"ಮಾಫ್ ಮಾಡೇನಿ ಅಂತ ಕಡೀತನಕ ಬಾಯಿಬಿಟ್ಟು ಅನ್ನಲಿಲ್ಲ ತಂಗಿ," ಎಂದರು. "ಆದ್ರ ಆಮ್ಯಾಲ ಬಂದಾಗೆಲ್ಲ ಒಳಗ ಕರದು ಚಾ ಕೊಡ್ತಿದ್ದೆ."